ಕೇಳಿ ಹೇಳ್ತೀವಿ: ಸುಲೇಮಾನನ ಉಂಗುರ ಇತ್ತಾ ಇಲ್ವಾ?

ಪ್ರಶ್ನೆ: ಸಾರ್, ಹೋದ್ವಾರ ಶಿವಾಜಿನಗರದಲ್ಲಿ ಕಲ್ಲಿನುಂಗುರ ಮಾರೋರೊಬ್ರು ಆರು ಮೂಲೆ ನಕ್ಷತ್ರ ಕೆತ್ತಿರೋ ಬೆಳ್ಳಿ ಉಂಗುರ ತೋರ್ಸಿ, ಇದು ಸುಲೇಮಾನ್ ಬಾದ್‌ಷಾನ ಮುದ್ರೆ, ಹಾಕ್ಕೊಂಡ್ರೆ ದೆವ್ವ ಗಿವ್ವ ಹತ್ರಾನೂ ಸುಳಿಯಲ್ಲ ಅಂದ್ರು. ಚರ್ಚಿಗೆ ಹೋಗೋ ನನ್ ಫ್ರೆಂಡು, ಬೈಬಲ್‌ನಲ್ಲಿ ಸೊಲೊಮೋನ ಇದಾನೆ, ಉಂಗುರ ಇಲ್ಲ ಅಂತಾನೆ. ಯಾರ್ ಸರಿ?
– ಓದುಗರು, ಫ್ರೇಜರ್ ಟೌನ್

ಉತ್ತರ: ನಿಮ್ ಫ್ರೆಂಡೇ ಸರಿ. ಬೈಬಲ್‌ನ ಸೊಲೊಮೋನ, ಕುರಾನ್‌ನ ಸುಲೈಮಾನ್, ನಿಮ್ ಸುಲೇಮಾನ್ ಬಾದ್‌ಷಾ, ಮೂರೂ ಒಬ್ನೇ, ಯೆರೂಸಲೇಮಲ್ಲಿ ದೇವಾಲಯ ಕಟ್ಟಿಸಿದ ರಾಜ. ಇನ್ನೊಂದ್ ಮಾತು, ಕುರಾನ್‌ನಲ್ಲೂ ಉಂಗುರ ಇಲ್ಲ. ಬೈಬಲ್‌ನಲ್ಲಿ ಸೊಲೊಮೋನ ಕನಸಲ್ಲಿ ದೇವರ ಹತ್ರ ಕೇಳಿದ್ದು ವಿವೇಕ, ಅಷ್ಟೆ. ಮಾಟ ಮಂತ್ರ ಮಾಡ್ಬೇಡಿ ಅಂತ ಧರ್ಮೋಪದೇಶಕಾಂಡದ 18ನೇ ಅಧ್ಯಾಯ ಖಡಾಖಂಡಿತವಾಗಿ ಹೇಳತ್ತೆ, ಅದರ ಹಿಂದಿನ 17ನೇ ಅಧ್ಯಾಯದಲ್ಲಿ ರಾಜ ಆದವನು ಕುದುರೆ, ಹೆಂಡ್ತೀರು, ಚಿನ್ನ ಜಾಸ್ತಿ ಮಾಡ್ಕೋಬಾರ್ದು ಅಂತಾನೂ ಇದೆ. ನಮ್ ಸೊಲೊಮೋನ ಮೂರರಲ್ಲೂ ಫೇಲು, 700 ಜನ ರಾಣೀರು, ಮೇಲೆ 300 ಜನ ಉಪಪತ್ನೀರು!

ಹಾಗಾದ್ರೆ ಉಂಗುರ ಎಲ್ಲಿಂದ ಬಂತು? ಕ್ರಿಸ್ತಶಕ ಒಂದನೇ ಶತಮಾನದ ಯೆಹೂದಿ ಇತಿಹಾಸಕಾರ ಜೋಸೆಫಸ್ ಒಂದು ದೆವ್ವ ಬಿಡಿಸೋ ಸೀನ್ ಬರ್ದಿದಾನೆ. ಎಲಿಯಾಜರ್ ಅನ್ನೋನು ಮುಂದೆ ರೋಮಿನ ಚಕ್ರವರ್ತಿ ಆದ ವೆಸ್ಪೇಸಿಯನ್ ಎದುರಿಗೇ, ಸೊಲೊಮೋನ ಹೇಳ್ಕೊಟ್ಟಿದ್ದ ಬೇರನ್ನ ಉಂಗುರದ ಮುದ್ರೆ ಕೆಳಗಿಟ್ಟು ದೆವ್ವ ಹಿಡ್ದೋನ ಮೂಗಿಗೆ ಹಿಡಿದನಂತೆ, ದೆವ್ವ ಮೂಗಿಂದ ಆಚೆ ಬಂತಂತೆ, ಬಂದಿದ್ದಕ್ಕೆ ಸಾಕ್ಷಿಯಾಗಿ ಪಕ್ಕದಲ್ಲಿಟ್ಟಿದ್ದ ನೀರಿನ ಪಾತ್ರೆ ಉರುಳಿಸಿ ಹೋಯ್ತಂತೆ. ಇಲ್ಲಿ ಉಂಗುರ ಎಲಿಯಾಜರ್‌ದು, ಸೊಲೊಮೋನನ ಕೈಗೆ ಅದನ್ನ ತೊಡಿಸಿದ್ದು ‘ಸೊಲೊಮೋನನ ಒಡಂಬಡಿಕೆ’ ಅನ್ನೋ ಹಳೇ ಗ್ರೀಕ್ ಪುಸ್ತಕ, ಕ್ರೈಸ್ತರ ಕೈಯಾಡಿರೋದು. ನಂಗೆ ಅದ್ರಲ್ಲಿ ತುಂಬಾ ಇಷ್ಟ ಆಗೋದು ಶುರುವಿನ ಕತೆ. ದೇವಾಲಯ ಕಟ್ಟೋ ಜಾಗದಲ್ಲಿ ಕೆಲ್ಸಕ್ಕಿದ್ದ ಒಬ್ಬ ಹುಡುಗ ದಿನೇ ದಿನೇ ಸೊರಗ್ತಾನೆ, ಯಾಕಪ್ಪ ಅಂದ್ರೆ ಓರ್ನಿಯಾಸ್ ಅನ್ನೋ ದೆವ್ವ ಸಂಜೆ ಬಂದು ಅವನ ಅರ್ಧ ಕೂಲಿ ಕಿತ್ಕೊಂಡು, ಬಲಗೈ ಹೆಬ್ಬೆರಳು ಚೀಪತ್ತೆ. (ಅರ್ಧ ಕೂಲಿ ನುಂಗೋ ದೆವ್ವಗಳು ನಮ್ಮೂರ ಬಿಲ್ಡಿಂಗ್ ಸೈಟ್‌ಗಳಲ್ಲೂ ಇದಾವೆ, ಇರಲಿ.) ರಾಜ ಪ್ರಾರ್ಥನೆ ಮಾಡ್ತಾನೆ, ದೇವದೂತ ಮಿಕಾಯೇಲ ಉಂಗುರ ತಂದ್ಕೊಡ್ತಾನೆ, ಆಮೇಲೆ ದೆವ್ವಗಳು ದೇವಾಲಯ ಕಟ್ಟೋ ಕೆಲ್ಸಕ್ಕೆ ಬರ್ತವೆ.

ಯೆಹೂದಿಗಳ ತಾಲ್ಮುದ್ ಅನ್ನೋ ಧರ್ಮಗ್ರಂಥದಲ್ಲಿ ಕತೆ ಉಲ್ಟಾ ಹೊಡೆಯತ್ತೆ. ಸೊಲೊಮೋನನ ಸೆರೆಯಲ್ಲಿದ್ದ ಅಶ್ಮೆದಾಯ್ ಅನ್ನೋ ದೆವ್ವಗಳ ರಾಜ, ನನ್ ಸರಪಳಿ ಬಿಚ್ಚಿ ನಿನ್ ಉಂಗುರ ಕೊಡು ಅಂತಾನೆ, ಸೊಲೊಮೋನ ಕೊಡ್ತಾನೆ (ಲೋಕದಲ್ಲೇ ಬುದ್ಧಿವಂತ ಅನ್ನಿಸ್ಕೊಂಡವನು!), ಕೊಟ್ಟ ತಕ್ಷಣ ಅಶ್ಮೆದಾಯ್ ಸೊಲೊಮೋನನ್ನೇ 400 ಪರಸಂಗ (ಹಳೇ ಕಾಲದ ದೂರದ ಅಳತೆ) ದೂರಕ್ಕೆ ಎಸೀತಾನೆ. ಸೊಲೊಮೋನ ಮನೆಮನೆ ಮುಂದೆ ನಿಂತು, ನಾನೇ ಯೆರೂಸಲೇಮಲ್ಲಿ ರಾಜ ಆಗಿದ್ದೆ ಅಂತ ಭಿಕ್ಷೆ ಬೇಡ್ತಾನೆ. ರಾಜನ ವೇಷದಲ್ಲಿ ಸಿಂಹಾಸನದ ಮೇಲಿರೋನು ಡೂಪ್ಲಿಕೇಟು ಅಂತ ಗೊತ್ತಾಗಿದ್ದು ಕಾಲಿಂದ, ಪಂಡಿತರು ರಾಣೀರನ್ನ ಕೇಳಿದ್ರೆ, ಅವನು ಒಳಗ್ ಬರೋವಾಗ್ಲೂ ಕಾಲುಚೀಲ ಬಿಚ್ಚಲ್ಲ ಅಂದ್ರು. ದೆವ್ವದ ಪಾದ ಕೋಳಿ ಪಾದ ಅಂತ ಅವ್ರ ನಂಬಿಕೆ, ನಮ್ಮಲ್ಲಿ ಮೋಹಿನಿ ಪಾದ ಹಿಂದುಮುಂದು ಇದ್ದಂಗೆ. ಆಮೇಲಿನ ಕತೆಗಳಲ್ಲಿ ಸಮುದ್ರಕ್ಕೆ ಬಿದ್ದ ಉಂಗುರ ಮೀನಿನ ಹೊಟ್ಟೇಲಿ ಸಿಗತ್ತೆ, ಓದ್ತಿದ್ರೆ ಶಕುಂತಲೆ ನೆನಪಾಗ್ದೇ ಇರಲ್ಲ.

ಕುರಾನ್‌ನಲ್ಲಿ ಗಾಳಿ, ಜಿನ್ನುಗಳು, ಹಕ್ಕಿಗಳ ಭಾಷೆ ಎಲ್ಲಾ ಸುಲೈಮಾನ್‌ಗೆ ದೇವರು ಕೊಟ್ಟಿದ್ದು. ಮಾಟ ಕಲಿಸಿದ್ದು ಸೈತಾನರು, ಸುಲೈಮಾನ್ ಅಲ್ಲ ಅಂತ 2ನೇ ಸೂರಾದ (ಅಧ್ಯಾಯದ) 102ನೇ ಆಯತ್ತಲ್ಲಿ (ವಾಕ್ಯದಲ್ಲಿ) ಸ್ಪಷ್ಟವಾಗಿದೆ. ಕೋಲಿಗೆ ಒರಗಿದ್ದಂಗೇ ಅವನ ಜೀವ ಹೋಗಿರತ್ತೆ, ಜಿನ್ನುಗಳಿಗೆ ಗೊತ್ತೇ ಆಗಲ್ಲ, ಹುಳ ಕೋಲು ತಿಂದು ಹೆಣ ಬೀಳೋವರ್ಗೂ ಕೆಲ್ಸ ಮಾಡ್ತಾನೇ ಇರ್ತವೆ.

ಬೆಳ್ಳಿ ಒರಿಜಿನಲ್ಲಾ ನೋಡ್ಕೊಂಡು, ರೇಟು ಸರಿ ಇದ್ರೆ ತಗೊಳಿ. ದೆವ್ವಕ್ಕೆ ಅಂತ ಒಂದ್ ರೂಪಾಯಿನೂ ಜಾಸ್ತಿ ಕೊಡ್ಬೇಡಿ.

ಪ್ರಶ್ನೆ: ಕ್ರಿಸ್ಮಸ್ ಗೋದಲಿಯಲ್ಲಿ ಕಿರೀಟ ಹಾಕಿರೋ ಮೂರು ಜನ ಯಾವ ದೇಶದ ರಾಜರು?
– ಓದುಗರು, ಕಮ್ಮನಹಳ್ಳಿ

ಉತ್ತರ: ರಾಜರೂ ಅಲ್ಲ, ಮೂರೇ ಜನ ಅಂತಾನೂ ಇಲ್ಲ. ಮತ್ತಾಯನ ಸುವಾರ್ತೆಯ ಗ್ರೀಕಲ್ಲಿ ಇರೋದು ‘ಮಾಗೊಯ್’, ಅಂದ್ರೆ ಮೂಡಣದಿಂದ ನಕ್ಷತ್ರ ನೋಡ್ಕೊಂಡು ಬಂದೋರು, ನಮ್ಮಲ್ಲಿ ಜೋಯಿಸರು ಅನ್ನಬಹುದು. ‘ಮ್ಯಾಜಿಕ್’ ಅನ್ನೋ ಪದ ಹುಟ್ಟಿದ್ದೂ ಇದೇ ಬೇರಿಂದ. ಚಿನ್ನ, ಧೂಪ, ರಕ್ತಬೋಳ ಅಂತ ಮೂರು ಕಾಣಿಕೆ ಇದ್ದಿದ್ರಿಂದ ಮೂರ್ ಜನ ಆದ್ರು. ಶೆಬದ ರಾಜರು ಕಾಣಿಕೆ ತರ್ತಾರೆ ಅನ್ನೋ 72ನೇ ಕೀರ್ತನೇನ ಇವರಿಗೆ ಜೋಡಿಸಿದ್ಮೇಲೆ ತಲೆ ಮೇಲೆ ಕಿರೀಟಾನೂ ಬಂತು. ಆ ಕೀರ್ತನೆಯ ತಲೆಬರಹದಲ್ಲಿ ಯಾರ ಹೆಸರಿದೆ ಅಂದ್ಕೊಂಡ್ರಿ? ಅದೇ ನಮ್ ಸೊಲೊಮೋನಂದು.