10 ಹೇಂಟೆ, 1 ಹುಂಜ ಇಟ್ಟು ಕಡಕ್‌ನಾಥ್ ತಳಿ ಶುದ್ಧವಾಗಿ ಉಳಿಸ್ಲಿಕ್ಕೆ ಆಗ್ತದಾ?

ನೀವು ಕೇಳಿದ್ದು, ಸುರತ್ಕಲ್ ಹತ್ರ ಹಿತ್ತಲಲ್ಲಿ 10 ಕಡಕ್‌ನಾಥ್ ಹೇಂಟೆ, ಒಂದು ಹುಂಜ ಉಂಟು, ಎಲ್ಲ ಕಪ್ಪೇ ಕಪ್ಪು, ಇದ್ರಿಂದ ಮರಿ ಮಾಡಿಸಿ ಶುದ್ಧ ತಳಿ ಅಂತ ಮಾರ್ಬಹುದಾ, ಯಾವ ಮರಿ ಇಟ್ಕೊಳ್ಳೋದು ಯಾವುದು ಕೊಡೋದು ಅಂತ ಅಲ್ವಾ. ನಾನು ಹಿರಿಯಡ್ಕದ ಹತ್ರ ಏಳು ವರ್ಷದಿಂದ ಇದೇ ಕೆಲ್ಸ ಮಾಡ್ತಾ ಇದ್ದೇನೆ, ದೊಡ್ಡ ಫಾರ್ಮ್ ಏನಲ್ಲ, ತೆಂಗಿನ ತೋಟದಲ್ಲಿ ಮೂರು ಗೂಡು ಅಷ್ಟೇ. ನಾನು ಮಾಡಿದ ತಪ್ಪು ಹೇಳ್ತೇನೆ, ನೀವು ಬೇರೆ ಹೊಸ ತಪ್ಪು ಮಾಡಿ.

ಮೊದಲ್ನೇದು, ಕಪ್ಪು ಇದ್ದ ಮಾತ್ರಕ್ಕೆ ಶುದ್ಧ ಅಲ್ಲ ಮಾರಾಯ್ರೆ. ಮತ್ತೆ ಪುಕ್ಕ ಕಪ್ಪಿಲ್ಲ ಅಂದ ಮಾತ್ರಕ್ಕೆ ಬೆರಕೆ ಅಂತಲೂ ಅಲ್ಲ. ಕಡಕ್‌ನಾಥ್‌ನಲ್ಲಿ ಪೂರ್ತಿ ಕಪ್ಪು, ಗೆರೆ ಗೆರೆ ಇರುವ ಪೆನ್ಸಿಲ್ಡ್, ಕುತ್ತಿಗೆಯಲ್ಲಿ ಹೊಂಬಣ್ಣ ಬರುವ ಗೋಲ್ಡನ್ ಅಂತ ಮೂರು ಬಗೆ ಉಂಟು. ಇದ್ರ ಮೂಲ ಮಧ್ಯಪ್ರದೇಶದ ಝಾಬುವಾ ಕಡೆ, ಅಲ್ಲಿ ಇದಕ್ಕೆ ಕಾಲಿಮಾಸಿ ಅಂತ ಹೇಳ್ತಾರೆ, ಅಂದ್ರೆ ಕಪ್ಪು ಮಾಂಸದ್ದು, 2018ರಲ್ಲಿ ಝಾಬುವಾಕ್ಕೆ ಜಿಐ ಟ್ಯಾಗ್ ಸಿಕ್ಕಿದ್ದು ಕೂಡ ಆ ಮಾಂಸಕ್ಕೆ. ಹಾಗಾಗಿ ನೋಡ್ಬೇಕಾದ್ದು ಜುಟ್ಟು, ನಾಲಿಗೆ, ಬಾಯಿ ಒಳಗೆ, ರೆಕ್ಕೆ ಅಡಿ ಚರ್ಮ, ಪಾದದ ಅಡಿ. ಪುಕ್ಕ ಕೊನೆಗೆ.

ಈಗ ನನ್ನ ಕಥೆ. ನಾನು ಶುರುವಿಗೆ ಒಬ್ಬರ ಹತ್ರ 8 ಹೇಂಟೆ ತಂದೆ, ಹುಂಜ ಬೇರೆ ಕಡೆಯಿಂದ. ಎಲ್ಲ ನಾಲಿಗೆ ತನಕ ಕಪ್ಪು. ಮೊದಲ ವರ್ಷದ ಮರಿ ಎಲ್ಲ ಕಪ್ಪು ಬಂತು, ನಾನು ಗಮ್ಮತ್ತಲ್ಲಿ ಶುದ್ಧ ತಳಿ ಅಂತ ಹತ್ತಿಪ್ಪತ್ತು ಮಾರಿದೆ. ಎರಡನೇ ವರ್ಷ ಆ ಮರಿಗಳನ್ನೇ ಅವರವರಲ್ಲೇ ಜೋಡಿ ಹಾಕಿ 31 ಮರಿ ತೆಗ್ದದ್ದು, ಅದ್ರಲ್ಲಿ 4 ಮರಿಗೆ ಕಾಲು ಬೂದಿ ಬಣ್ಣ, ರೆಕ್ಕೆ ಎತ್ತಿ ನೋಡಿದ್ರೆ ಚರ್ಮ ಗುಲಾಬಿ! ಅಪ್ಪ ಕಪ್ಪು ಅಮ್ಮ ಕಪ್ಪು, ಮರಿ ಬಿಳಿ. ಪಕ್ಕದ ಮನೆ ಅಕ್ಕ "ನಮ್ಮ ಹುಂಜ ಬೇಲಿ ಹಾರಿರ್ಬೇಕು" ಅಂತ ನಗಾಡಿದ್ರು, ಆದ್ರೆ ಅವರ ಹುಂಜದ ತಪ್ಪಲ್ಲ ಅದು.

ಆದದ್ದು ಎಂತ ಹೇಳಿದ್ರೆ, ಈ ಕೋಳಿಯ ಮೈ ಒಳಗೆಲ್ಲ ಕಪ್ಪು ಮಾಡುವ ಜೀನ್ ಒಂದು ಉಂಟು, ಅದು ಪ್ರಬಲ, ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಂದ ಬಂದ್ರೂ ಕೆಲ್ಸ ಮಾಡ್ತದೆ. ಜೊತೆಗೆ ಆ ಕಪ್ಪನ್ನು ತಡೆಯುವ ಇನ್ನೊಂದು ಜೀನ್ ಉಂಟು, ಹಳದಿ ಅಥವಾ ಬಿಳಿ ಕಾಲಿನ ಕೋಳಿಗಳಲ್ಲಿ ಅದು ಇರ್ತದೆ. ಕೋಳಿಯಲ್ಲಿ ಈ ತಡೆಯುವ ಜೀನ್ ತಾಯಿಯಿಂದ ಗಂಡು ಮರಿಗೆ ಮಾತ್ರ ಹೋಗ್ತದೆ, ಹೆಣ್ಣು ಮರಿಗೆ ಹೋಗೋದಿಲ್ಲ. ಹಾಗಾಗಿ ಕಡಕ್‌ನಾಥ್ ಹುಂಜವನ್ನು ಹಳದಿ ಕಾಲಿನ ಯಾವುದೋ ಹೇಂಟೆಗೆ ಬಿಟ್ರೆ ಹುಟ್ಟುವ ಗಂಡು ಮರಿ ಮಾಸಲು ಮಾಸಲು, ಹೆಣ್ಣು ಮರಿ ಮಾತ್ರ ಚಂದ ಕಪ್ಪು. ನನಗೆ ಸಿಕ್ಕಿದ್ದರಲ್ಲಿ ಕೆಲವು ಅಂಥ ಅರ್ಧ ಬೆರಕೆ ಹೆಣ್ಣುಗಳೇ, ಅದು ಆಮೇಲೆ ಗೊತ್ತಾಯ್ತು. ಅದಕ್ಕೇ ಇನ್ನು ಮುಂದೆ ಹೇಂಟೆ ತಗೊಳ್ಳುವಾಗ ಹೇಂಟೆ ನೋಡ್ಬೇಡಿ, ಅದ್ರ ಅಣ್ಣತಮ್ಮಂದಿರನ್ನು ತೋರ್ಸಿ ಅಂತ ಕೇಳಿ. "ಗಂಡೆಲ್ಲ ಮಾರಿ ಆಯ್ತು" ಅಂದ್ರೆ ನಾನಾದ್ರೆ ಅಲ್ಲಿಂದ ಸುಮ್ನೆ ಎದ್ದು ಬರ್ತೇನೆ.

ಈ ಅರ್ಧ ಬೆರಕೆ ಹೇಂಟೆಯನ್ನು ಶುದ್ಧ ಹುಂಜಕ್ಕೆ ಹಾಕಿದ್ರೆ ಮರಿ ಎಲ್ಲ ಕಪ್ಪೇ ಬರ್ತದೆ, ನನ್ನ ಮೊದಲ ವರ್ಷದ ಹಾಗೆ. ಆದ್ರೆ ಆ ಮರಿಗಳಲ್ಲಿ ಅರ್ಧಕ್ಕೆ ಒಂದೇ ಪಾಲು ಕಪ್ಪು ಜೀನ್ ಇರ್ತದೆ, ಅಂಥವು ಎರಡು ಜೋಡಿ ಆದ್ರೆ ನಾಲ್ಕರಲ್ಲಿ ಒಂದು ಬಿಳಿ. ಇಲ್ಲಿ ಎಲ್ರೂ ಮಾಡುವುದೆಂತ, ಆ ಬಿಳಿ ಮರಿಯನ್ನು ತೆಗ್ದು ಪದಾರ್ಥ ಮಾಡಿ ರೊಟ್ಟಿ ಜೊತೆ ತಿಂದು "ತಳಿ ಸರಿ ಮಾಡಿದೆ" ಅಂತ ಕೂತ್ಕೊಳ್ಳೋದು. ನಾನೂ ಮೂರನ್ನು ತಿಂದೆ. ಆದ್ರೆ ತೆಗೀಬೇಕಾದ್ದು ಆ ಮರಿಯ ಅಪ್ಪ ಅಮ್ಮನನ್ನು! ಅವು ಯಾರು ಅಂತ ಗೊತ್ತಿದ್ರೆ ತಾನೇ. ನನ್ನ ಹತ್ರ ಲೆಕ್ಕವೇ ಇರ್ಲಿಲ್ಲ.

ಹಾಗಾಗಿ ಲೆಕ್ಕ ಇಡಿ, ನೂರು ಪೇಜಿನ ನೋಟ್‌ಬುಕ್ ಸಾಕು. ಕಾಲಿಗೆ ಬೇರೆ ಬೇರೆ ಕಲರ್ ಕೇಬಲ್ ಟೈ ಹಾಕಿ, ಮರಿ ಬೆಳೀತಾ ಇರುವಾಗ ವಾರಕ್ಕೊಮ್ಮೆ ನೋಡಿ ಬಿಚ್ಚಿ ಬದ್ಲಿಸ್ಬೇಕು, ಇಲ್ಲಾಂದ್ರೆ ಕಾಲು ಕೊಯ್ದು ಹೋಗ್ತದೆ. ಮೊಟ್ಟೆ ಮೇಲೆ ಪೆನ್ಸಿಲಲ್ಲಿ ಹೇಂಟೆ ನಂಬರ್ ಮತ್ತೆ ತಾರೀಕು. ಯಾವ ಹೇಂಟೆ ಇಟ್ಟದ್ದು ಅಂತ ಗೊತ್ತಾಗ್ಲಿಕ್ಕೆ ನಾನು ಒಂದು ಹುಂಜದ ಜೊತೆ ಎರಡೇ ಹೇಂಟೆ ಬಿಡ್ತೇನೆ, ಎರಡರ ಮೊಟ್ಟೆ ಆಕಾರ ಅಭ್ಯಾಸ ಆದ್ಮೇಲೆ ಕಣ್ಣು ಮುಚ್ಚಿ ಹೇಳ್ಬಹುದು. ಹುಂಜ ಬದ್ಲಿಸಿದ್ರೆ ಮೂರು ವಾರ ಆ ಮೊಟ್ಟೆ ಆಮ್ಲೆಟ್‌ಗೆ ಮಾತ್ರ, ಯಾಕಂದ್ರೆ ಹಳೇ ಹುಂಜದ ಬೀಜ ಹೇಂಟೆ ಹೊಟ್ಟೆಯಲ್ಲಿ ಎರಡು ಮೂರು ವಾರ ಜೀವಂತ ಇರ್ತದೆ.

ಇನ್ನು ಆ ನಾಲ್ಕನೇ ಬಿಳಿ ಹೆಣ್ಣು ಮರಿಯನ್ನು ತಿನ್ನದೆ ಇಟ್ಕೊಂಡೆ, ಅದೇ ನನ್ನ ಲ್ಯಾಬ್. ಸಂಶಯದ ಹುಂಜವನ್ನು ಅವಳ ಜೊತೆ ಬಿಟ್ಟು ಮರಿ ತೆಗ್ದರೆ, ಹುಂಜ ಬೆರಕೆ ಆಗಿದ್ರೆ ಅರ್ಧದಷ್ಟು ಮರಿ ಬಿಳಿ ಬರ್ಬೇಕು. ಏಳು ಮರಿಯೂ ಕಪ್ಪು ಬಂದ್ರೆ ಹುಂಜ ಶುದ್ಧ ಅಂತ ಧೈರ್ಯದಲ್ಲಿ ಹೇಳ್ಬಹುದು, ತಪ್ಪಾಗುವ ಛಾನ್ಸ್ ನೂರಕ್ಕೆ ಒಂದಕ್ಕಿಂತ ಕಮ್ಮಿ. ಆ ಏಳು ಮರಿ ಮಾತ್ರ ತಳಿಗೆ ಅಲ್ಲ, ಅವೆಲ್ಲ ಅರ್ಧಂಬರ್ಧ, ಪಾತ್ರೆಗೆ ಹೋಗ್ಬೇಕು.

ಒಂದೇ ಹುಂಜ ಸಾಕಾ ಅಂದ್ರೆ, ಮೊಟ್ಟೆಗೆ ಬೀಜ ಕೂರ್ಲಿಕ್ಕೆ ಸಾಕು, ತಳಿಗೆ ಸಾಲ್ದು. 1 ಹುಂಜ 10 ಹೇಂಟೆ ಲೆಕ್ಕದಲ್ಲಿ ರಕ್ತಸಂಬಂಧ ಪ್ರತಿ ತಲೆಮಾರಿಗೂ ಸುಮಾರು 14% ಏರ್ತಾ ಹೋಗ್ತದೆ, ಹುಂಜ ಮೂರು ಮಾಡಿದ್ರೆ 5% ಚಿಲ್ಲರೆಗೆ ಇಳೀತದೆ. ಹೇಂಟೆ ಎಷ್ಟು ಜಾಸ್ತಿ ಮಾಡಿದ್ರೂ ಇಷ್ಟು ಫರಕ್ ಬರೋದಿಲ್ಲ. ಮೂರು ಗೂಡು ಮಾಡಿ, ಹೆಣ್ಣು ಮರಿ ಅಮ್ಮನ ಗೂಡಲ್ಲೇ ಇರ್ಲಿ, ಗಂಡು ಮರಿ ಪಕ್ಕದ ಗೂಡಿಗೆ ಹೋಗ್ಲಿ, ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ, ಮೂರರಿಂದ ಒಂದಕ್ಕೆ. ಅಳಿಯ ಬರೋದು ಪ್ರತಿ ಸಲ ಒಂದೇ ದಿಕ್ಕಿನ ಮನೆಯಿಂದ ಅಂತ ನೆನಪಿಟ್ಕೊಳ್ಳಿ.

ಆರಿಸುವ ವಿಷ್ಯದಲ್ಲಿ ಬಣ್ಣದ ಹುಚ್ಚಿಗೆ ಬಿದ್ದು ನಾನು ಒಂದು ವರ್ಷ ಹಾಳು ಮಾಡಿದ್ದೇನೆ. ಅತೀ ಕಪ್ಪು ಹುಂಜ ಅಂತ ಇಟ್ಕೊಂಡದ್ದು ಎದೆ ಮೂಳೆ ಸೊಟ್ಟ, ಬೆಳವಣಿಗೆ ನಿಧಾನ, ಮರಿಗಳೂ ಹಾಗೇ ಬಂದ್ವು. ಈಗ ಮೊದಲು ಕೊಕ್ಕು ಸೊಟ್ಟ, ಬೆರಳು ಸೊಟ್ಟ, ಒಮ್ಮೆಯಾದ್ರೂ ಹುಷಾರಿಲ್ಲದೆ ಮದ್ದು ಕೊಟ್ಟ ಮರಿ ಎಲ್ಲ ಔಟ್. 8 ವಾರಕ್ಕೆ ತೂಕ ನೋಡಿ ಅರ್ಧ ಗಂಡು ಮಾರಿಬಿಡ್ತೇನೆ. ಆರು ತಿಂಗಳಿಗೆ ಉಳಿದದ್ದನ್ನು ಕೈಯಲ್ಲಿ ಹಿಡಿದು ನೋಡೋದು, ಎದೆ ಮೂಳೆ ನೇರ ಉಂಟಾ, ಮೊಟ್ಟೆ ಇಡ್ತಾ ಇರುವ ಹೇಂಟೆಗೆ ಹಿಂದಿನ ಎರಡು ಎಲುಬಿನ ನಡುವೆ ಎರಡು ಮೂರು ಬೆರಳು ಹಿಡೀತದಾ ಅಂತ. ಅದಾದ್ಮೇಲೆ ಬಣ್ಣ.

ಮರಿ ಮಾಡಿಸೋದು ಅಕ್ಟೋಬರ್ ನವೆಂಬರಲ್ಲಿ. ಆಗ ಮಳೆ ಶುರುವಾಗುವ ಮೊದಲೇ ಆರಿಸಿ ಮುಗೀತದೆ, ಕೋಲ ನೇಮದ ಸೀಸನ್ನಿಗೆ ಹೆಚ್ಚಿನ ಹುಂಜ ಖರ್ಚಾಗ್ತದೆ, ಜೂನ್‌ನಲ್ಲಿ ಒದ್ದೆ ಗೂಡಲ್ಲಿ ಮರಿ ರಕ್ತ ಬೇಧಿ ಮಾಡುವ ರಗಳೆ ಇಲ್ಲ. ಕಡಕ್‌ನಾಥ್ ಹೇಂಟೆ ಕಾವಿಗೆ ಕೂರೋದು ಅಷ್ಟಕ್ಕಷ್ಟೇ, ಊರ ಕೋಳಿ ಅಡಿಯಲ್ಲಿ ಹತ್ತು ಮೊಟ್ಟೆ ಇಡಿ, ವಾರಕ್ಕಿಂತ ಹಳೇ ಮೊಟ್ಟೆ ಬೇಡ. ಇನ್‌ಕ್ಯುಬೇಟರ್ ಆದ್ರೆ ನಮ್ಮ ಕರಾವಳಿ ಗಾಳಿಯಲ್ಲೇ ನೀರು ಜಾಸ್ತಿ, ಪುಸ್ತಕದಲ್ಲಿ ಹೇಳಿದ ಹಾಗೆ ಟ್ರೇ ತುಂಬ ನೀರು ಇಟ್ರೆ ಮರಿ ಚಿಪ್ಪೊಳಗೇ ಸಾಯ್ತದೆ. ಅಡುಗೆ ಮನೆ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, 42 ಗ್ರಾಂ ಮೊಟ್ಟೆ 18ನೇ ದಿನಕ್ಕೆ 37 ಹತ್ರ ಬರ್ಬೇಕು, 39 ಇದ್ರೆ ನೀರು ಕಮ್ಮಿ ಮಾಡ್ಲಿಕ್ಕೆ ತಡ ಆಯ್ತು ಅಂತ ಅರ್ಥ. ಲಸಿಕೆ ವಿಷ್ಯ ನಿಮ್ಮೂರಿನ ಪಶು ಡಾಕ್ಟ್ರ ಹತ್ರ ಕೇಳಿ, ರಾಣಿಖೇತ್ ಅನ್ನುವ ಕೋಳಿ ರೋಗದ್ದು ಮಾತ್ರ ಬಿಡ್ಲೇಬೇಡಿ.

ನಿಮ್ಮ ಈಗಿನ 11 ಕೋಳಿ ಎಸೆಯುವುದೇನೂ ಬೇಡ. ಈ ವರ್ಷ ಮರಿ ಮಾಡ್ಸಿ, ಸಾಕ್ಲಿಕ್ಕೆ ಅಂತ ಕೊಡಿ, "ಶುದ್ಧ" ಅನ್ನುವ ಬೋರ್ಡ್ ಮಾತ್ರ ಈಗ್ಲೇ ಹಾಕ್ಬೇಡಿ. ಹುಂಜವನ್ನು ಟೆಸ್ಟ್ ಮಾಡ್ಬೇಕು ಅಂತಿದ್ರೆ ಒಂದು ತಿಂಗಳ ಮಟ್ಟಿಗೆ ಇಲ್ಲಿಗೆ ತಂದು ಬಿಡಿ, ಆ ಬಿಳಿ ಚರ್ಮದವಳು ಇನ್ನೂ ಉಂಟು, ಐದು ವರ್ಷ ಆಯ್ತು, ಮೊಟ್ಟೆ ಕಮ್ಮಿ ಆಗಿದೆ ಆದ್ರೆ ಗೂಡಿಗೆಲ್ಲ ಅವಳದ್ದೇ ಯಜಮಾನಿಕೆ, ನಿಮ್ಮ ಹುಂಜಕ್ಕೆ ಮೊದಲ ಎರಡು ದಿನ ಪೆಟ್ಟು ಬಿದ್ರೆ ಬೇಜಾರು ಮಾಡ್ಕೊಳ್ಬೇಡಿ.