ಜಿಸಿಸಿ ತಪ್ಪು ಅಸೆಂಬ್ಲರನ್ನು ಹಿಡಿದುಕೊಂಡರೆ?

ಪ್ರಶ್ನೆ: ಇಂಟೆಲ್ ಲಿನಕ್ಸ್ ಕಂಪ್ಯೂಟರಿನಲ್ಲಿ 64 ಬಿಟ್ ಆರ್ಮ್ ಬೋರ್ಡಿಗಾಗಿ ಜಿಸಿಸಿ ಕಂಪೈಲರ್ ಬಿಲ್ಡ್ ಮಾಡುತ್ತಿದ್ದೇನೆ. ಬಿನ್‌ಯುಟಿಲ್ಸ್ (ಅಸೆಂಬ್ಲರ್, ಲಿಂಕರ್ ಮುಂತಾದ ಟೂಲ್ಸ್) ಮೊದಲೇ ಹಾಕಿದ್ದೇನೆ. ಬಿಲ್ಡಿಗೆ ಸಿದ್ಧತೆ ಮಾಡುವ ಕಾನ್ಫಿಗರ್ ತಕರಾರಿಲ್ಲದೆ ಮುಗಿಯುತ್ತದೆ. ಆದರೆ ಬಿಲ್ಡ್ ನಡೆಸುವ ಮೇಕ್ ಬಹಳ ಹೊತ್ತು ಓಡಿ, ಜಿಸಿಸಿಯ ಸಹಾಯಕ ಲೈಬ್ರರಿಯಾದ ಲಿಬ್‌ಜಿಸಿಸಿ ಹತ್ತಿರ ‘ಆಬ್ಜೆಕ್ಟ್ ಫೈಲಿನ ಸಫಿಕ್ಸ್ ಗೊತ್ತಾಗಲಿಲ್ಲ’ ಅಂತ ನಿಂತುಬಿಡುತ್ತದೆ. ಏನು ಮಾಡಲಿ?

ಉತ್ತರ: ಆ ಸಫಿಕ್ಸ್ ಮಾತನ್ನು ನಂಬಬೇಡಿ, ಅದು ಸುಮ್ನೆ ದಾರಿ ತಪ್ಪಿಸುತ್ತದೆ. ಬಿಲ್ಡ್ ಫೋಲ್ಡರಿನೊಳಗೆ ಟಾರ್ಗೆಟ್ (ಕೋಡ್ ಓಡಬೇಕಾದ ಯಂತ್ರ) ಹೆಸರಿನದೊಂದು ಫೋಲ್ಡರ್ ಇರುತ್ತದೆ, ಅದರೊಳಗೆ ಲಿಬ್‌ಜಿಸಿಸಿ. ಅಲ್ಲಿನ ಕಾನ್ಫಿಗ್ ಡಾಟ್ ಲಾಗ್ ತೆರೆದು ನೋಡಿ. ‘ಇಎಲ್’ ಅನ್ನೋ ಆಪ್ಷನ್ ಗೊತ್ತಿಲ್ಲ ಅಂತ ಅಸೆಂಬ್ಲರ್ (ಅಸೆಂಬ್ಲಿ ಕೋಡನ್ನು ಆಬ್ಜೆಕ್ಟ್ ಫೈಲ್ ಮಾಡುವ ಟೂಲ್) ಗೊಣಗಿದ್ದರೆ ಕಳ್ಳ ಸಿಕ್ಕ ಹಾಗೇ. ನಿಮ್ಮ ಹೊಸ ಜಿಸಿಸಿ ಆರ್ಮ್ ಕೋಡನ್ನು ತೆಗೆದುಕೊಂಡು ಹೋಗಿ ಇಂಟೆಲ್ ಅಸೆಂಬ್ಲರಿನ ಕೈಗೆ ಕೊಟ್ಟಿದೆ. ಇನ್ನೂ ಅನುಮಾನವಿದ್ದರೆ ಬಿಲ್ಡ್ ಫೋಲ್ಡರಿನ ‘ಜಿಸಿಸಿ’ ಒಳಗೆ ‘ಎಎಸ್’ ಎಂಬ ಪುಟ್ಟ ಶೆಲ್ ಸ್ಕ್ರಿಪ್ಟ್ ಇದೆ, ಕಾನ್ಫಿಗರ್ ಯಾವ ಅಸೆಂಬ್ಲರನ್ನು ಆರಿಸಿಕೊಂಡಿತು ಅಂತ ಅದರಲ್ಲೇ ಬರೆದಿರುತ್ತದೆ.

ಹೀಗ್ಯಾಕೆ ಆಯ್ತು? ಕಾನ್ಫಿಗರ್ ಹುಡುಕುವುದು ಹೆಸರು ನೋಡಿ. ನೀವು ಕೊಟ್ಟ ಟಾರ್ಗೆಟ್ ಹೆಸರನ್ನು ಅಕ್ಷರಕ್ಕೆ ಅಕ್ಷರ ಮುಂದೆ ಅಂಟಿಸಿಕೊಂಡು ಪಾತ್‌ನಲ್ಲಿ (ಕಮಾಂಡುಗಳನ್ನು ಹುಡುಕುವ ಫೋಲ್ಡರುಗಳ ಪಟ್ಟಿ) ತಡಕುತ್ತದೆ, ಪ್ರಿಫಿಕ್ಸ್ (ಇನ್‌ಸ್ಟಾಲ್ ಆಗುವ ಜಾಗ) ಫೋಲ್ಡರಿನೊಳಗೂ ಇಣುಕುತ್ತದೆ. ಬಿನ್‌ಯುಟಿಲ್ಸಿಗೆ ‘ಲಿನಕ್ಸ್-ಗ್ನು’ ಅಂತ ಬರೆದು ಜಿಸಿಸಿಗೆ ‘ಅನ್‌ನೋನ್-ಲಿನಕ್ಸ್-ಗ್ನು’ ಅಂತ ಬರೆದಿದ್ದೀರಾ? ನಮಗೆ ಎರಡೂ ಒಂದೇ, ಅದಕ್ಕಲ್ಲ.

ಹಾಗಾಗಿ ಎರಡಕ್ಕೂ ಒಂದೇ ಟಾರ್ಗೆಟ್, ಒಂದೇ ಪ್ರಿಫಿಕ್ಸ್ ಕೊಡಿ. ಪ್ರಿಫಿಕ್ಸಿನ ಬಿನ್ ಫೋಲ್ಡರನ್ನು ಪಾತ್‌ಗೆ ಸೇರಿಸಿ. ಹಳೇ ಬಿಲ್ಡ್ ಫೋಲ್ಡರನ್ನು ಪೂರ್ತಿ ಅಳಿಸಿ, ಇಲ್ಲದಿದ್ದರೆ ಹಳೇ ಆಯ್ಕೆ ಅಲ್ಲೇ ಕೂತಿರುತ್ತದೆ.

ಟೂಲ್ಸ್ ಬೇರೆ ಕಡೆಯೇ ಇರಬೇಕು ಅನ್ನುವುದಾದರೆ ‘ವಿತ್-ಬಿಲ್ಡ್-ಟೈಮ್-ಟೂಲ್ಸ್’ ಆಪ್ಷನ್ ಇದೆ. ಜಾಸ್ತಿ ಜನ ಎಡವುವುದು ಇಲ್ಲೇ. ಅದು ನೋಡುವುದು ‘ಎಎಸ್’, ‘ಎಲ್‌ಡಿ’, ‘ಎನ್ಎಂ’ ಎಂಬ ಮೋಟು ಹೆಸರುಗಳನ್ನು, ಟಾರ್ಗೆಟ್ ಅಂಟಿಸಿದ ಉದ್ದ ಹೆಸರುಗಳನ್ನಲ್ಲ. ಆದ್ದರಿಂದ ಪ್ರಿಫಿಕ್ಸಿನ ಬಿನ್ ತೋರಿಸಿದರೆ ಪ್ರಯೋಜನವಿಲ್ಲ, ಪ್ರಿಫಿಕ್ಸ್ ಒಳಗೆ ಟಾರ್ಗೆಟ್ ಹೆಸರಿನ ಫೋಲ್ಡರಿದೆ ಅಲ್ವಾ, ಅದರೊಳಗಿನ ಬಿನ್ ತೋರಿಸಬೇಕು. ಅದೂ ಬಿಲ್ಡ್ ಆಗುವವರೆಗೆ ಮಾತ್ರ. ಇನ್‌ಸ್ಟಾಲ್ ಆದ ಮೇಲೆ ಜಿಸಿಸಿ ಮತ್ತೆ ತಾನೇ ಹುಡುಕಿಕೊಳ್ಳಬೇಕು. ಆಗ ‘ಪ್ರಿಂಟ್-ಪ್ರಾಗ್-ನೇಮ್’ ಆಪ್ಷನ್ನಿನಲ್ಲಿ ಅಸೆಂಬ್ಲರ್ ಎಲ್ಲಿ ಅಂತ ಕೇಳಿ. ಪೂರ್ತಿ ಪಾತ್ ಬಂದರೆ ಸರಿ, ಬರೀ ‘ಎಎಸ್’ ಅಂದರೆ ತನ್ನ ಫೋಲ್ಡರುಗಳಲ್ಲಿ ಅದಕ್ಕೆ ಏನೂ ಸಿಕ್ಕಿಲ್ಲ.

ಇನ್ನೊಂದು. ಎಲ್ಲ ಸರಿಹೋಗಿ, ಕೊನೆಗೆ ಸುಡೋ (ಅಡ್ಮಿನ್ ಅಧಿಕಾರ ಕೊಡುವ ಕಮಾಂಡ್) ಹಾಕಿ ಮೇಕ್ ಇನ್‌ಸ್ಟಾಲ್ ಕೊಟ್ಟಾಗ ರಾನ್‌ಲಿಬ್ (ಬಿನ್‌ಯುಟಿಲ್ಸಿನದೇ ಇನ್ನೊಂದು ಟೂಲ್) ಸಿಗಲಿಲ್ಲ ಅಂದರೆ ಗಾಬರಿ ಬೇಡ. ಸುಡೋ ಸಾಮಾನ್ಯವಾಗಿ ನಿಮ್ಮ ಪಾತನ್ನು ಬಿಟ್ಟು ತನ್ನದನ್ನು ಹಾಕಿಕೊಳ್ಳುತ್ತದೆ. ಪ್ರಿಫಿಕ್ಸನ್ನು ನಿಮ್ಮ ಹೋಮ್ ಫೋಲ್ಡರಿನಲ್ಲೇ ಇಟ್ಟರೆ ಸುಡೋ ಬೇಕಾಗುವುದೇ ಇಲ್ಲ.