ವಿಡಿಯೋ ಗೇಮ್ ಆಡಿದರೆ ಮಕ್ಕಳ ಓದು-ಬರಹ ಸುಧಾರಿಸುತ್ತದೆಯೇ?

ಸುಧಾರಿಸಬಹುದು, ಆದರೆ ಎಲ್ಲ ಗೇಮ್‌ಗಳಿಂದಲೂ ಅಲ್ಲ. ಬರೀ ಕಾರು ಓಡಿಸುವ ಆಟದಲ್ಲಿ ಓದುವುದಕ್ಕೆ ಏನಿರುತ್ತದೆ ಹೇಳಿ?

ಚೌಕ ಚೌಕ ಇಟ್ಟಿಗೆ ಜೋಡಿಸಿ ಮನೆ, ಊರು ಕಟ್ಟುವ ಮೈನ್‌ಕ್ರಾಫ್ಟ್ ಆಟವನ್ನೇ ನೋಡಿ. ಅದರಲ್ಲಿ ಮರದ ಫಲಕ ನೆಟ್ಟು ಅದರ ಮೇಲೆ ಬರೆಯಬಹುದು; ಜಾಗ ಇರುವುದು ನಾಲ್ಕೇ ಸಾಲು. 'ಮುಂದೆ ಗುಂಡಿ ಇದೆ, ಬೀಳಬೇಡ' ಎಂದು ಗೆಳೆಯನಿಗೆ ತಿಳಿಸಬೇಕಾದಾಗ ಮಗು ಮಾತನ್ನು ಚಿಕ್ಕದು ಮಾಡಿ, ಕಾಗುಣಿತ ನೋಡಿಕೊಂಡು ಬರೆಯುತ್ತದೆ. ಹೋಂವರ್ಕ್‌ನಲ್ಲಿ ಇಷ್ಟು ಕಾಳಜಿ ನಾನಂತೂ ಕಂಡಿಲ್ಲ! ಪುಟಗಟ್ಟಲೆ ಬರೆಯುವವರಿಗೆ ಆಟದೊಳಗೇ ಪುಸ್ತಕ, ಲೇಖನಿ ಉಂಟು. ಈ ಆಟದ ಕಂಪ್ಯೂಟರ್‌ನಲ್ಲಿ ಆಡುವ 'ಜಾವಾ' ಆವೃತ್ತಿಯ ಭಾಷಾ ಪಟ್ಟಿಯಲ್ಲಿ ಕನ್ನಡವೂ ಸಿಗುತ್ತದೆ.

ಇನ್ನೂ ಅಕ್ಷರ ಕಲಿಯುತ್ತಿರುವವರಿಗೆ ಫಿನ್‌ಲೆಂಡಿನ ಯುವಾಸ್ಕುಲಾ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಗ್ರಾಫೋಗೇಮ್‌ನಂಥವು ವಾಸಿ. ಕಿವಿಗೆ ಧ್ವನಿ ಕೇಳಿಸುತ್ತದೆ, ಪರದೆಯ ಮೇಲಿನ ಅಕ್ಷರಗಳಲ್ಲಿ ಸರಿಯಾದದ್ದನ್ನು ಮುಟ್ಟಬೇಕು. ತಪ್ಪಿದರೆ ಬೈಯುವವರಿಲ್ಲ, ಮತ್ತೆ ಆಡಿದರಾಯಿತು.

ಆದರೆ ಫೋನ್ ಕೈಗಿತ್ತು ಅಡುಗೆಮನೆಗೆ ಹೋಗಿಬಿಟ್ಟರೆ ಅರ್ಧ ಲಾಭ ಅಷ್ಟೇ. ಹತ್ತು ನಿಮಿಷ ಪಕ್ಕದಲ್ಲಿ ಕೂತು, 'ಆ ಬಾಗಿಲು ಹೇಗೆ ತೆಗೆದೆ ಪುಟ್ಟಾ?' ಅಂತ ಕೇಳಿ. ಶುರುವಾದ ಕಥೆ ನಿಲ್ಲಿಸುವುದೇ ಕಷ್ಟವಾಗುತ್ತದೆ.